ಗಂಜಿತಿಳಿ ಕುಡಿದ ಕಳ್ಳಿಗಳು

ಕಳ್ಳಿಯ ಒಂದು ಮುಳ್ಳಿನ ತುದಿಗೆ ಬೂತಾಯಿ ಮೀನಿನ ಹುರುಪೆಯೊಂದು ಅಂಟಿಕೊಂಡು ಒಣಗಿತ್ತು. ಕಿರುಬೆರಳಿನ ಉಗುರಿನಷ್ಟು ಅಗಲ. ಒಂದು ಬದಿಯಿಂದ ನೋಡಿದರೆ ಬೆಳ್ಳಿ, ತಲೆ ಸ್ವಲ್ಪ ಓರೆ ಮಾಡಿ ನೋಡಿದರೆ ಅಲ್ಲಿ ಏನೂ ಇಲ್ಲದ ಹಾಗೆ. ಕಿಟಕಿಯಿಂದ ಗಾಳಿ ಬಂದಾಗ ನಡುಗುತ್ತಿತ್ತು, ಬೀಳುತ್ತಿರಲಿಲ್ಲ. ತೆಗೆಯಲು ಹೋಗಿ ಬೆರಳಿಗೆ ಚುಚ್ಚಿಸಿಕೊಂಡೆ. ಆಮೇಲೆ ಏನೋ ಅನುಮಾನ ಬಂದು ಕಳ್ಳಿಯ ಬುಡವನ್ನು ಮುಟ್ಟಿದೆ. ಮೇಲಿನಿಂದ ಹಸಿರಾಗಿಯೇ ಇದ್ದ ಆ ಗುಂಡು ಗಿಡದ ಬುಡ ಹಣ್ಣಾಗಿ ಬಿಟ್ಟ ಚಿಕ್ಕುವಿನ ಹಾಗೆ ಮೆತ್ತಗಿತ್ತು. ಬೆರಳು ಒಳಗೆ ಹೋಯಿತು.

ಹುರುಪೆ ಅಲ್ಲಿಗೆ ತಾನಾಗಿ ಹಾರಿ ಬರುವುದಿಲ್ಲ. ಎರ್ಮಾಳಿನ ನಮ್ಮ ಮನೆಯಲ್ಲಿ ಮೀನು ತೊಳೆದ ನೀರನ್ನು ಸುಮ್ಮನೆ ಚೆಲ್ಲುವ ಪದ್ಧತಿ ಇರಲಿಲ್ಲ. ಅಜ್ಜಿ ಅಂಗಳದ ಕಲ್ಲಿನ ಮೇಲೆ ಕೂತು ಮೀನು ಕೊಯ್ದು, ತೊಳೆದು, ಆ ನೀರನ್ನು ಅಂಚು ನಗ್ಗಿದ ಅಲ್ಯೂಮಿನಿಯಂ ಬೋಗುಣಿಯಲ್ಲಿ ಹಿಡಿದು ಏಳುತ್ತಿದ್ದಳು. ಒಂದು ದಿನ ಬಸಳೆಯ ಬುಡಕ್ಕೆ, ಒಂದು ದಿನ ಕರಿಬೇವಿಗೆ, ಒಂದು ದಿನ ಕಾಯಿಮೆಣಸಿಗೆ. ಯಾವುದಕ್ಕೆ ನಿನ್ನೆ ಕೊಟ್ಟೆ, ಯಾವುದಕ್ಕೆ ಇವತ್ತು ಕೊಡಬೇಕು ಎಂಬುದು ಅವಳಿಗೆ ಮಕ್ಕಳಿಗೆ ಬಡಿಸುವವರಿಗೆ ನೆನಪಿರುವಂತೆ ನೆನಪಿರುತ್ತಿತ್ತು. ಕರಾವಳಿಯ ಗಿಡಗಳು ಆ ನೀರಿಗೆ ಹೇಗೆ ಚಿಗುರುತ್ತವೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಿಟಕಿಯಲ್ಲಿದ್ದ ಕಳ್ಳಿಗಳಿಗೂ ಆ ಸರದಿಯಲ್ಲಿ ಒಂದು ಪಾಲು ಸಿಕ್ಕಿದೆ ಎಂದು ನನಗೆ ಅರ್ಥವಾದದ್ದು ಆ ಹುರುಪೆಯಿಂದ.

ಆ ಮನೆಯ ಬಗ್ಗೆ ನಾನು ಹೆಚ್ಚು ಮಾತಾಡಿದವಳಲ್ಲ. ಮಣಿಪಾಲದಲ್ಲಿ ಜೊತೆಗೆ ಕೆಲಸ ಮಾಡುವವರಿಗೆ ನಾನು ಕಾಪುವಿನ ಕಡೆಯವಳು ಎಂದಷ್ಟೇ ಗೊತ್ತು. ಹೆದ್ದಾರಿಗೂ ಕಡಲಿಗೂ ನಡುವೆ, ಮರಳಿನ ಓಣಿಯ ಕೊನೆಯಲ್ಲಿದ್ದ ಹೆಂಚಿನ ಮನೆ. ಒಂದು ಚಾವಡಿ, ಒಂದು ಒಳಕೋಣೆ, ಹೊಗೆಗೆ ಕಪ್ಪಾದ ಅಡುಗೆಮನೆ, ಅದರ ಮೇಲೆ ಅಟ್ಟ. ಅಜ್ಜಿ, ಅಂದರೆ ಅಮ್ಮನ ಅಮ್ಮ, ಅಮ್ಮ, ಅಮ್ಮನ ತಮ್ಮ ದಾಮು ಮಾವ, ನಾನು. ಅಪ್ಪ ಕಾಪುವಿನಲ್ಲಿ ತಮ್ಮದೇ ಮನೆಯಲ್ಲಿ ಇರುತ್ತಿದ್ದರು. ಅದು ಬೇರೆ ವಿಷಯ. ಮಾವ ಬೋಟಿಗೆ ಹೋಗುತ್ತಿದ್ದ, ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಗೊತ್ತಿರುವ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. ಮನೆಯೊಳಗೆ ನಾವು ಆಡುತ್ತಿದ್ದುದು ತುಳು. ಇಲ್ಲಿ ಬರೆಯುವ ಮಾತುಗಳಲ್ಲಿ ಹೆಚ್ಚಿನವು ತುಳುವಿನಲ್ಲಿ ಆಡಿದವು, ಕನ್ನಡಕ್ಕೆ ತಂದದ್ದು ನಾನು. ಕನ್ನಡ ನನಗೆ ಶಾಲೆಯದ್ದು, ಅಮ್ಮನಿಗೆ ವ್ಯಾಪಾರದ್ದು. ಕನ್ನಡ ಮಾತಾಡುವಾಗ ಅಮ್ಮ ಬೇರೆಯೇ ಹೆಂಗಸು. ಒಂದೊಂದು ಶಬ್ದವನ್ನೂ ಪೂರ್ತಿ ಹೇಳಿ, ಕೊನೆಗೆ ಸ್ವಲ್ಪ ನಿಲ್ಲಿಸುತ್ತಿದ್ದಳು, ತೂಕದ ತಟ್ಟೆ ಸರಿಯಾಗಿ ನಿಂತಿದೆಯೇ ಎಂದು ನೋಡುವವರಂತೆ.

ಹಾಗೆ ಅಮ್ಮ ಮೀನು ಕೊಡುತ್ತಿದ್ದ ಮನೆಗಳಲ್ಲಿ ಒಂದು ಶಾಲಿನಿ ಟೀಚರದ್ದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಹುಟ್ಟೂರು ಕಾರ್ಕಳ, ಗಂಡ ತೀರಿಕೊಂಡ ಮೇಲೆ ಮಣಿಪಾಲದಲ್ಲಿ ಒಬ್ಬರೇ. ಬೇಸಿಗೆ ರಜೆಯಲ್ಲಿ ನಾನು ಅಮ್ಮನ ಜೊತೆ ಹೋಗುತ್ತಿದ್ದೆ. ಅಮ್ಮ ಹಿಂದಿನ ಬಾಗಿಲಲ್ಲಿ ಮೀನು ಕೊಯ್ದು ಕೊಡುವಷ್ಟು ಹೊತ್ತು ನನ್ನನ್ನು ಅವರು ಮುಂದಿನ ವರಾಂಡದಲ್ಲಿ ಕೂರಿಸಿ ಓದಲು ಪುಸ್ತಕ ಕೊಡುತ್ತಿದ್ದರು. ವರಾಂಡಕ್ಕೆ ಪಾರದರ್ಶಕ ಶೀಟಿನ ಮಾಡು. ಅದರ ಕೆಳಗೆ ಮೂರು ಮೆಟ್ಟಿಲಿನ ಸ್ಟ್ಯಾಂಡಿನ ತುಂಬ ಕಳ್ಳಿಗಳು. ಗುಂಡಗಿನವು, ಬೆರಳಿನಂಥವು, ಬಿಳಿ ಕೂದಲು ಹೊದ್ದುಕೊಂಡವು. ನನಗೆ ಇಷ್ಟವಾದದ್ದು ಗಿಡಗಳಲ್ಲ, ಅವುಗಳ ನಡುವೆ ಬಿಟ್ಟಿದ್ದ ಜಾಗ. ಒಂದು ಕುಂಡ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಯಾವುದೂ ಯಾವುದಕ್ಕೂ ತಾಗುತ್ತಿರಲಿಲ್ಲ. ಒಣ ನೆಲ, ಒಣ ಟವೆಲು, ಬಾಗಿಲು ಹಾಕಿಕೊಳ್ಳಬಹುದಾದ ಖಾಲಿ ಕೋಣೆ. ಆ ಕೋಣೆಯನ್ನು ತೋರಿಸಿ ಟೀಚರ್ ಒಂದು ದಿನ ಅಮ್ಮನಿಗೆ, ಹುಡುಗಿ ಓದುವವಳು, ಮುಂದಿನ ವರ್ಷ ಹೈಸ್ಕೂಲಿಗೆ ಇಲ್ಲಿಯೇ ಸೇರಿಸಿ ನನ್ನ ಜೊತೆ ಬಿಡಬಹುದಲ್ಲ ಎಂದರು. ಅಮ್ಮ ಬುಟ್ಟಿ ಎತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಬರುವಾಗ ಉದ್ಯಾವರದ ಸೇತುವೆ ದಾಟುವವರೆಗೂ ಖಾಲಿ ಬುಟ್ಟಿಯ ಅಂಚನ್ನು ಉಜ್ಜುತ್ತಿದ್ದಳು.

ಮಳೆ ಶುರುವಾಗುವ ಮೊದಲು ಟೀಚರ್ ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟರು. ಕೃಷ್ಣಾಷ್ಟಮಿ ಕಳೆದ ಮೇಲೆ ಬರುವುದು. ಗಿಡಗಳನ್ನು ಏನು ಮಾಡುವುದು ಎಂದು ಅವರು ಯೋಚಿಸುತ್ತಿರುವಾಗ ಅಮ್ಮ, ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದಳು. ಟೀಚರ್ ಒಂದು ಕ್ಷಣ ತಡೆದದ್ದು ನನಗೆ ಕಂಡಿತು. ಆಮೇಲೆ ಒಪ್ಪಿದರು. ಎಲ್ಲವನ್ನೂ ಅಲ್ಲ, ನೆಂಟರ ಮನೆಗೆ ಕೊಟ್ಟು ಉಳಿದ ಒಂದು ಪೆಟ್ಟಿಗೆಯಷ್ಟು. ನೋಡಿಕೊಳ್ಳುವ ಕೆಲಸ ನನ್ನದು, ಏಕೆಂದರೆ ಹೇಗೆ ನೋಡಿಕೊಳ್ಳಬೇಕೆಂದು ಕೇಳಿಸಿಕೊಂಡವಳು ನಾನು.

“ನಮ್ಮೂರಿನಲ್ಲಿ ಇದಕ್ಕೆ ಬಾಯಾರಿಕೆಯ ಹೆದರಿಕೆ ಇಲ್ಲ ಮಗಾ, ನಿಂತ ನೀರಿನದ್ದೇ ಹೆದರಿಕೆ,” ಎಂದು ಅವರು ಒಂದೊಂದನ್ನೇ ಕಾಗದದಲ್ಲಿ ಸುತ್ತುತ್ತಾ ಹೇಳಿದರು. “ಮರುಭೂಮಿಯದ್ದು. ಎಂದೋ ಒಮ್ಮೆ ಬಂದ ಮಳೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬದುಕುತ್ತದೆ. ಮಳೆಗಾಲ ಮುಗಿಯುವವರೆಗೆ ಒಂದು ತೊಟ್ಟು ನೀರು ಬೇಡ. ಬೆಳಕು ಬೇಕು, ಗಾಳಿ ಬೇಕು, ಸುಮ್ಮನೆ ಬಿಟ್ಟರೆ ಆಯಿತು.”

ಕಾರ್ಕಳದ ಅವರ ಮನೆಯ ಹಿಂದಿನ ಬಂಡೆಯ ಮೇಲೆ ಪಾಪಾಸುಕಳ್ಳಿ ಯಾರೂ ನೆಡದೆ ಬೆಳೆದಿದೆಯಂತೆ. ಅಲ್ಲಿಯೂ ಇಲ್ಲಿಯಷ್ಟೇ ಮಳೆ, ಆದರೆ ನೀರು ಬಂಡೆಯ ಮೇಲೆ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ, ಅದಕ್ಕೇ ಉಳಿದಿದೆ ಎಂದರು. ಕೊನೆಗೆ ಒಂದು ತೂಗುಬುಟ್ಟಿ ತಂದರು. ಅದರಲ್ಲಿ ಮುಳ್ಳಿಲ್ಲದ, ಹಸಿರು ದಾರದಂಥ ಬಡಕಲು ಗಿಡ. ಇದೂ ಕಳ್ಳಿಯೇ, ಆದರೆ ಇದರ ಬುದ್ಧಿ ಬೇರೆ, ಇದನ್ನು ಹೊರಗೆ ಮಾಡಿನ ಅಂಚಿಗೆ ತೂಗು ಹಾಕು ಎಂದರು. ಬೇರೆ ಹೇಗೆ ಎಂದು ಕೇಳುವಷ್ಟರಲ್ಲಿ ಅಮ್ಮ ರಿಕ್ಷಾ ಕರೆದಿದ್ದಳು.

ಗಿಡಗಳು ಉಳಿದರೆ ನಾನು ಆ ಕೋಣೆಗೆ ಹೋಗುತ್ತೇನೆ ಎಂದು ಟೀಚರ್ ಹೇಳಿರಲಿಲ್ಲ. ಹಾಗೆ ಹೇಳಿದ್ದು ಅಮ್ಮ. ಮನೆಗೆ ಬಂದ ದಿನವೇ, ಚಾವಡಿಯಲ್ಲಿ, ಅಜ್ಜಿಗೂ ಮಾವನಿಗೂ ಒಟ್ಟಿಗೆ. ಇವು ಹೋದರೆ ಇವಳ ಓದೂ ಹೋಯಿತು ಎಂದು ತಿಳಿದುಕೊಳ್ಳಿ ಎಂದಳು. ಆ ಕ್ಷಣದಿಂದ ನಮ್ಮ ಮನೆಯಲ್ಲಿ ಅವು ಗಿಡಗಳಾಗಿ ಉಳಿಯಲಿಲ್ಲ.

ಬೆಳಕು, ಗಾಳಿ, ಒಣ ಜಾಗ, ಈ ಮೂರೂ ಒಟ್ಟಿಗೆ ಇರುವ ಸ್ಥಳ ಆ ಮನೆಯಲ್ಲಿ ಎಲ್ಲಿದೆ ಎಂದು ಹುಡುಕಿದಾಗಲೇ ನಾನು ಮೊದಲ ಬಾರಿಗೆ ನಮ್ಮ ಮನೆಯನ್ನು ಹೊರಗಿನವಳಂತೆ ನೋಡಿದೆ. ಮಳೆಗಾಲದಲ್ಲಿ ಒಣಗಿರುತ್ತಿದ್ದುದು ಒಲೆಯ ಮೇಲಿನ ಅಟ್ಟ ಮಾತ್ರ. ಒಣಮೀನಿನ ಕಟ್ಟುಗಳೂ ಬೂಸ್ಟು ಹಿಡಿಯಬಾರದೆಂದು ನನ್ನ ಪುಸ್ತಕಗಳೂ ಅಲ್ಲೇ, ಪಕ್ಕಪಕ್ಕ. ಆದರೆ ಅಲ್ಲಿ ಬೆಳಕಿಲ್ಲ. ಚಾವಡಿಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಒಣಗದ ಬಟ್ಟೆ, ಕೆಳಗೆ ಮಾವನ ಬಲೆ. ಒಳಕೋಣೆಯ ಗೋಡೆಯಲ್ಲಿ ಮಳೆ ಜೋರಾಗುವ ಆಟಿ ತಿಂಗಳಿಗೆ ಸರಿಯಾಗಿ ಹಸಿರು ಪಾಚಿ ಬರುತ್ತಿತ್ತು. ಉಳಿದದ್ದು ಒಂದು ಕಿಟಕಿ. ಮೂಡುಬದಿಯ ಆ ಕಿಟಕಿಯ ಅಗಲವಾದ ದಂಡೆಯ ಮೇಲೆ ಕಾಲು ಮಡಚಿ ಕೂತರೆ ಮನೆಯಲ್ಲಿ ಯಾರ ಮೊಣಕೈಯೂ ನನಗೆ ತಾಗುತ್ತಿರಲಿಲ್ಲ. ನಾನು ಓದುತ್ತಿದ್ದ ಜಾಗ ಅದು. ಕಳ್ಳಿಗಳನ್ನು ಅಲ್ಲಿಟ್ಟೆ. ಆ ಮಳೆಗಾಲ ಪೂರ್ತಿ ನಾನು ಹಗ್ಗದ ಬಟ್ಟೆಗಳ ಕೆಳಗೆ, ಮಾವನ ಬೆನ್ನಿಗೆ ಬೆನ್ನು ತಾಗಿಸಿ ಓದಿದೆ. ತೂಗುಬುಟ್ಟಿಯನ್ನು ಜಗಲಿಯ ಹೊರಗೆ ಹಗ್ಗ ಸುತ್ತಿಡುತ್ತಿದ್ದ ಮೊಳೆಗೆ ನೇತು ಹಾಕಿ ಮರೆತೆ.

ಮಳೆಗಾಲಕ್ಕೆ ಮೀನು ಹಿಡಿಯುವುದು ನಿಂತು ದೊಡ್ಡ ಬೋಟುಗಳು ದಡಕ್ಕೆ ಬಂದಿದ್ದವು. ಮಾವ ಮನೆಯಲ್ಲಿ. ಕಡಲು ಸ್ವಲ್ಪ ತಣಿದ ದಿನ ನಾಡದೋಣಿಯವರು ಇಳಿದರೆ ನಾಲ್ಕು ಬೂತಾಯಿ, ಇಲ್ಲದಿದ್ದರೆ ಒಣಮೀನಿನ ಚಟ್ನಿ, ಹಲಸಿನ ಬೀಜದ ಸಾರು, ಗಂಜಿ. ಅಂಥ ದಿನಗಳಲ್ಲಿ ನಮ್ಮ ಮನೆ ಹೆಚ್ಚು ಉದಾರವಾಗುತ್ತಿತ್ತು. ಇದನ್ನು ನಾನು ಈಗಲೂ ಸರಿಯಾಗಿ ವಿವರಿಸಲಾರೆ. ನೆರೆಯವರು ಬಂದರೆ ಪಾತ್ರೆಯಲ್ಲಿ ಎಷ್ಟಿದೆ ಎಂದು ನೋಡದೆ ಬಟ್ಟಲು ಇಡುತ್ತಿದ್ದರು. ಅಜ್ಜಿ ಕಾಗೆಗೆ, ಬೆಕ್ಕಿಗೆ, ಓಣಿಯ ನಾಯಿಗೆ ಹಾಕದೆ ತಾನು ಕೂರುತ್ತಿರಲಿಲ್ಲ. ಅಂಥವರ ನಡುವೆ ನಿಂತು ನಾನು ದಿನವೂ, ನೀರು ಹಾಕಬೇಡಿ, ಏನೂ ಹಾಕಬೇಡಿ ಎಂದು ಹೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಮಾವ ನನ್ನನ್ನು ಟೀಚರಮ್ಮ ಎಂದು ಕರೆಯಲು ಶುರುಮಾಡಿದ.

“ಟೀಚರಮ್ಮ, ನಿನ್ನ ನೆಂಟರು ಇವತ್ತೂ ಉಪವಾಸವಾ? ನಮ್ಮ ಮನೆಗೆ ಬಂದು ಸೊರಗಿದರು ಅಂತ ಊರಿಗೆ ಹೋಗಿ ಹೇಳಿಯಾರು.”

ಹುರುಪೆ ಕಂಡ ದಿನ ನಾನು ಅಜ್ಜಿಯನ್ನು ಕೇಳಿದಾಗ ಅವಳು ಒಲೆಯ ಮುಂದಿನಿಂದ ಏಳಲಿಲ್ಲ, ಮುಚ್ಚಿಡಲೂ ಇಲ್ಲ.

“ಒಂದು ಸ್ವಲ್ಪ ಹಾಕಿದ್ದು. ದಿನಾ ಅಲ್ಲ. ಮನೆಗೆ ಬಂದದ್ದನ್ನು ಬಾಯಿ ಒಣಗಿಸಿ ಇಡ್ಲಿಕ್ಕೆ ಆಗ್ತದಾ ಬಾಲೆ? ಅದಕ್ಕೆ ಕೇಳ್ಲಿಕ್ಕೆ ಬಾಯಿ ಉಂಟಾ?”

ನಾನು ಅತ್ತೆ. ನನ್ನ ಅಳುವಿಗೆ ಬಲೆ ಬಿಟ್ಟು ಬಂದ ಮಾವ ಕಿಟಕಿಯ ಬಳಿ ನಿಂತು, ಒಂದೊಂದೇ ಗಿಡದ ಬುಡ ಒತ್ತಿ ನೋಡಿದ. ಬಿಳಿ ಕೂದಲಿನದ್ದು ಅವನ ಕೈಯಲ್ಲೇ ಪಕ್ಕಕ್ಕೆ ವಾಲಿತು. ಅದನ್ನು ಮತ್ತೆ ನಿಲ್ಲಿಸಲು ನೋಡುತ್ತಾ, ಈ ಮೂಲೆಯ ಎರಡಕ್ಕೆ ಗಂಜಿತಿಳಿ ಹಾಕಿದ್ದು ತಾನು ಎಂದ. ಅಜ್ಜಿ ಮೀನಿನ ನೀರು ಕೊಡುವುದನ್ನು ನೋಡಿದ್ದನಂತೆ, ಬರೀ ಮೀನಿನ ನೀರಿನಲ್ಲಿ ಬಲ ಎಲ್ಲಿಂದ ಬರಬೇಕು ಎಂದು ಯೋಚಿಸಿದನಂತೆ. ಮಾವನೂ ನಾನೂ ಹೆದರಿಕೊಂಡು ಅಮ್ಮ ಬರುವುದನ್ನು ಕಾದೆವು. ಅಮ್ಮನಿಗೆ ಕೋಪ ಬಂದರೆ ಪಾತ್ರೆಗಳಿಗೆ ಗೊತ್ತಾಗುತ್ತಿತ್ತು. ಅವಳು ಒದ್ದೆ ಸೆರಗು ಹಿಂಡುತ್ತಾ ಬಂದು, ನೋಡಿ, ಅಜ್ಜಿಯ ಮೇಲೆ ರೇಗಿದಳು, ಮಾವನ ಮೇಲೆ ರೇಗಿದಳು, ಇಷ್ಟು ವರ್ಷ ಸಾಕಿದ್ದಕ್ಕೆ ನಿಮ್ಮಿಂದ ಇಷ್ಟೂ ಆಗಲಿಲ್ಲವಾ ಎಂದು ಯಾರು ಯಾರನ್ನು ಸಾಕಿದ್ದೆಂದು ತಿಳಿಯದ ಹಾಗೆ ಹೇಳಿದಳು. ಮಾವ ಎಲ್ಲ ಕೇಳಿಸಿಕೊಂಡು, ಮೆಲ್ಲಗೆ, ಅಟ್ಟದ ಏಣಿಯ ಹಿಂದೆ ಬಿದ್ದಿದ್ದ ಎಳನೀರಿನ ಚಿಪ್ಪನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ.

“ಇದು ಯಾರು ಕುಡಿದದ್ದು, ಅಕ್ಕಾ? ಮನೆಯಲ್ಲಿ ಯಾರಿಗೂ ಜ್ವರ ಇರಲಿಲ್ಲ ಅಲ್ವಾ.”

ಅಮ್ಮ ನೆಲ ನೋಡಿದಳು. ಗಿಡ ಸೊರಗಿದ್ದನ್ನು ಅವಳೇ ಮೊದಲು ಕಂಡಿದ್ದಳು. ಒಂದು ಗಿಡ ಬಾಡಿದ ಹಾಗೆ ಕಂಡಿತಂತೆ. ನೀರು ಹಾಕಬೇಡಿ ಎಂದಿದ್ದರು, ಎಳನೀರು ಹಾಕಬೇಡಿ ಎಂದಿರಲಿಲ್ಲ. ಕಾಯಿಲೆಯವರಿಗೆ ಕೊಡುವುದು ಅದನ್ನೇ ಅಲ್ಲವಾ. ಇದ್ದ ಒಂದು ತೆಂಗಿನಮರದಿಂದ ನೆರೆಯ ಹುಡುಗನ ಕೈಯಲ್ಲಿ ಎಳನೀರು ಇಳಿಸಿ, ನಾವಾರೂ ಇಲ್ಲದ ಹೊತ್ತಿಗೆ ಕೊಟ್ಟಿದ್ದಾಳೆ. ಮೊದಲು ಅಜ್ಜಿಗೆ ನಗು ಬಂತು, ಮಾವನಿಗೂ ಬಂತು, ಕೊನೆಗೆ ಅಮ್ಮನಿಗೂ. ಹಗ್ಗದ ಬಟ್ಟೆಗಳ ಕೆಳಗೆ ಮೂವರೂ ಕಣ್ಣು ಒರೆಸಿಕೊಂಡು ನಗುತ್ತಿದ್ದರು. ನಾನು ನಗಲಿಲ್ಲ. ನನಗೆ ಕಾಣುತ್ತಿದ್ದುದು ಮಣಿಪಾಲದ ಆ ಒಣ ಕೋಣೆ. ಇವರೆಲ್ಲ ಸೇರಿ ಅದನ್ನು ಬಟ್ಟಲು ಬಟ್ಟಲಾಗಿ ಮುಳುಗಿಸಿದ್ದರು. ಈ ಮನೆಯಲ್ಲಿ ಹುಟ್ಟಬಾರದಿತ್ತು ಎಂದು ಒಂದು ಮಾತು ಒಳಗೆ ಬಂತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಅಮ್ಮ ನನ್ನ ಮುಖ ನೋಡಿ ನಗು ನಿಲ್ಲಿಸಿದ್ದಳು.

ಮಳೆಗಾಲದಲ್ಲಿ ಹಸಿಮೀನಿಲ್ಲದ ಕಾರಣ ಅಮ್ಮ ಒಣಮೀನು ಕಟ್ಟಿಕೊಂಡು ಪಡುಬಿದ್ರಿಯಿಂದ ಕಾರ್ಕಳದ ಬಸ್ಸು ಹತ್ತುತ್ತಿದ್ದಳು. ಶಾಲೆಗೆ ಮಳೆಯ ರಜೆ ಕೊಟ್ಟ ಒಂದು ದಿನ ನನ್ನನ್ನೂ ಕರೆದುಕೊಂಡು ಹೋದಳು. ವ್ಯಾಪಾರ ಮುಗಿಸಿ, ಪೇಟೆಯ ಹಿಂದೆ ಕರಿಬಂಡೆಯ ಏರಿಗೆ ನಡೆದಳು. ನಾನು ಕೊಡೆ ಹಿಡಿದು ಹಿಂದೆ. ಬಂಡೆಯ ಮೇಲೆ ನೀರು ಗಾಜಿನ ಹಾಳೆಯ ಹಾಗೆ ಹರಿದು ಹೋಗುತ್ತಿತ್ತು. ಸೀಳುಗಳಲ್ಲಿ, ಹಿಡಿಯಷ್ಟು ಮಣ್ಣಿದ್ದ ಕಡೆ, ಪಾಪಾಸುಕಳ್ಳಿ ಗಟ್ಟಿಯಾಗಿ ಕೂತಿತ್ತು. ಅಮ್ಮ ಗೋಣಿಯ ತುಂಡು ಕೈಗೆ ಸುತ್ತಿಕೊಂಡು ಅದರ ಹಾಳೆಗಳನ್ನು ಮುರಿದು ಬುಟ್ಟಿಗೆ ಹಾಕಿದಳು. ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಯಿತು. ಅವಳ ವ್ಯಾಪಾರದಲ್ಲಿ ಒಂದು ಕ್ರಮವಿತ್ತು. ನಿನ್ನೆ ಕೊಟ್ಟ ಮೀನು ಹಾಳಾಗಿತ್ತು ಎಂದು ಯಾರಾದರೂ ಹೇಳಿದರೆ ವಾದ ಮಾಡುತ್ತಿರಲಿಲ್ಲ, ಇವತ್ತು ಬದಲಿ ಕೊಡುತ್ತಿದ್ದಳು. ಬಂಗುಡೆಗೆ ಬಂಗುಡೆ. ಕಳ್ಳಿಗೆ ಕಳ್ಳಿ.

“ನೋಡು, ಇದಕ್ಕೆ ಯಾರು ಬೇಲಿ ಹಾಕಿದ್ದು, ಯಾರು ಮಾಡು ಹಾಕಿದ್ದು? ಇಷ್ಟು ಮಳೆಯಲ್ಲಿ ಎಷ್ಟು ಚಂದ ಉಂಟು,” ಎಂದಳು.

ನೀರು ನಿಲ್ಲುವುದಿಲ್ಲ, ಅದಕ್ಕೆ ಎಂದೆ. ಅವಳು ಬಂಡೆಯ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಮ್ಮಲ್ಲಿ ಎಲ್ಲವೂ ನಿಲ್ಲುತ್ತದೆ ಎಂದಳು, ನನಗೆ ಹೇಳಿದ್ದಲ್ಲ. ಬಸ್ಸಿನಲ್ಲಿ ಒಣಮೀನಿನ ವಾಸನೆಯ ಬುಟ್ಟಿಯಲ್ಲಿ ಮುಳ್ಳಿನ ಹಾಳೆಗಳನ್ನಿಟ್ಟುಕೊಂಡು ಕೂತ ಹೆಂಗಸನ್ನೂ ಅವಳ ಪಕ್ಕದ ಹುಡುಗಿಯನ್ನೂ ಜನ ಎರಡು ಕಾರಣಗಳಿಗೆ ದೂರ ಬಿಟ್ಟು ನಿಂತರು. ಬೆಳ್ಮಣ್ಣಿನವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಟೀಚರ್ ಹೇಳದೆ ಬಂದರು. ನಾವು ಮಣಿಪಾಲಕ್ಕೆ ಕೊಂಡುಹೋಗಿ ಕೊಡುವುದೆಂದು ಲೆಕ್ಕ ಹಾಕಿಕೊಂಡಿದ್ದೆವು. ನಾನು ಕುಂಡಗಳನ್ನು ತೊಳೆದು, ಮಾತುಗಳನ್ನು ಜೋಡಿಸಿಕೊಂಡು ಇಟ್ಟಿದ್ದೆ. ಅಷ್ಟಮಿ ಕಳೆದ ಒಂದು ಸಂಜೆ ಮರಳಿನ ಓಣಿಯಲ್ಲಿ ಕಾರಿನ ಸದ್ದು. ಅಜ್ಜಿ ಅಂಗಳದ ಕಲ್ಲಿನ ಮೇಲೆ ಮೀನು ಕೊಯ್ಯುತ್ತಿದ್ದಳು, ಮಾವ ಸೊಂಟಕ್ಕೆ ತೋರ್ತು ಸುತ್ತಿಕೊಂಡು ಚಾವಡಿಯಲ್ಲಿ ಬಲೆ ಹೆಣೆಯುತ್ತಿದ್ದ. ಟೀಚರ್ ಒಳಗೆ ಬರುವಾಗ ಹಗ್ಗದ ಮೇಲಿದ್ದ ಒದ್ದೆ ಲಂಗವೊಂದು ಅವರ ಕನ್ನಡಕಕ್ಕೆ ತಾಗಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಮ್ಮ ಮಾಡನ್ನು, ಗೋಡೆಯ ಹಸಿರನ್ನು, ಕಿಟಕಿಯನ್ನು ನೋಡಿದರು. ನಾನು ಅವರ ಕಣ್ಣು ಹೋದಲ್ಲೆಲ್ಲ ಹೋದೆ. ಅಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು, ಸೆರಗೂ ಒದ್ದೆ. ಮಾವ ಹಿಂದಿನಿಂದ ಮಾಯವಾದವನು ಅಂಗಿ ಹಾಕಿಕೊಂಡು ಒಂದು ಎಳನೀರು ಕೊಚ್ಚಿ ತಂದ. ಟೀಚರ್ ಬೇಡವೆಂದರು. ಅಜ್ಜಿ ಕೈ ತೊಳೆದು ಬಂದು ಎದುರು ನಿಂತಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಕುಡಿಯುವವರೆಗೆ ಅಲ್ಲಿಂದ ಕದಲುವುದಿಲ್ಲ ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿತ್ತು. ಟೀಚರ್ ಕುಡಿದರು. ಅಷ್ಟೂ ಕುಡಿದ ಮೇಲೆ ಅವಳು ಇನ್ನೊಂದಕ್ಕೆ ಮಾವನ ಕಡೆ ಕಣ್ಣು ಮಾಡಿದಳು.

ಆಗ ಅಮ್ಮ ಕುಂಡಗಳನ್ನು ತಂದು ಸಾಲಾಗಿ ಇಟ್ಟಳು. ಪ್ರತಿಯೊಂದರಲ್ಲಿಯೂ ಒಂದೊಂದು ಪಾಪಾಸುಕಳ್ಳಿಯ ಹಾಳೆ ನೆಟ್ಟಗೆ. ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಾತಾಡಿದ್ದು ಅಮ್ಮ, ತನ್ನ ಪೂರ್ತಿ ಪೂರ್ತಿ ಶಬ್ದಗಳ ಕನ್ನಡದಲ್ಲಿ.

“ನಿಮ್ಮ ಗಿಡಗಳು ಹೋದವು ಟೀಚರ್. ಬದಲಿ ತಂದು ಇಟ್ಟಿದ್ದೇನೆ. ಸರಿಯಾದ ಬದಲಿ ಅಲ್ಲ ಎಂದು ನನಗೆ ಗೊತ್ತುಂಟು.”

ಟೀಚರ್ ಒಂದು ಹಾಳೆಯನ್ನು ಉಗುರಿನಿಂದ ಮುಟ್ಟಿ, ಇದು ನಮ್ಮೂರಿನದ್ದಲ್ಲವಾ ಎಂದು ನಕ್ಕರು. ಕೆಟ್ಟ ನಗು ಅಲ್ಲ. ಅಮ್ಮ ನಗಲಿಲ್ಲ.

“ಇವಳದ್ದು ಇದರಲ್ಲಿ ಎಂತದ್ದೂ ಇಲ್ಲ. ನೀರು ಹಾಕಬೇಡಿ ಎಂದು ಇವಳು ದಿನಾ ಹೇಳಿದ್ದಾಳೆ. ಹಾಕಿದ್ದು ನಾವು. ನಾವು ಹಾಗೆಯೇ ಟೀಚರ್, ಹೇಳಿದರೆ ನಮ್ಮ ತಲೆಗೆ ಹೋಗುವುದಿಲ್ಲ. ಇವಳು ನಮ್ಮ ಹಾಗೆ ಅಲ್ಲ.”

ಅಜ್ಜಿ ಮಾವನ ಕಡೆ ತಿರುಗಿ, ಎಂತ ಹೇಳಿದಳು ಅವಳು ಎಂದು ತುಳುವಿನಲ್ಲಿ ಕೇಳಿದಳು. ಮಾವ ಎಳನೀರಿನ ಚಿಪ್ಪನ್ನು ಕೈಯಲ್ಲಿ ತಿರುಗಿಸುತ್ತಾ, ಗಿಡದ ವಿಷಯ ಎಂದ.

ಅಮ್ಮನ ಆ ಮಾತು ಕೇಳಿದಾಗ ನನ್ನೊಳಗೆ ಆದದ್ದನ್ನು ನಾನು ಇಲ್ಲಿ ಸರಿಯಾಗಿ ಬರೆಯಬೇಕು. ಮೊದಲು ಬಂದದ್ದು ದುಃಖವಲ್ಲ. ಬಿಡುಗಡೆ. ಯಾರೋ ನನ್ನನ್ನು ಎತ್ತಿ ಒಣ ಜಾಗದಲ್ಲಿ ಇಟ್ಟ ಹಾಗೆ. ಅದು ಬಂದ ಮರುಕ್ಷಣವೇ ಕಿವಿ ಬಿಸಿಯಾಯಿತು. ಅಮ್ಮ ನನ್ನ ಕಡೆ ನೋಡುತ್ತಿರಲಿಲ್ಲ, ಆದರೂ ಅವಳು ಆ ಬಿಡುಗಡೆಯನ್ನು ಕಂಡಳು ಎಂದೇ ನನಗೆ ಅನಿಸಿತು. ಇವತ್ತಿಗೂ ಹಾಗೇ ಅನಿಸುತ್ತದೆ. ಆಮೇಲಿನ ವರ್ಷಗಳಲ್ಲಿ ಅವಮಾನದ ಪ್ರಸಂಗಗಳು ಎಲ್ಲರಿಗೂ ಬರುವಂತೆ ನನಗೂ ಬಂದಿವೆ. ಹಾಸ್ಟೆಲಿನಲ್ಲಿ, ಪ್ರಯೋಗಾಲಯದಲ್ಲಿ, ಇಂಗ್ಲಿಷಿನಲ್ಲಿ. ಅವು ಯಾವುವೂ ನಿಂತಿಲ್ಲ, ಜಾರಿಹೋಗಿವೆ. ಇದೊಂದು ನಿಂತಿತು.

ಟೀಚರ್ ಅಮ್ಮನ ಕಡೆ ತಿರುಗಿ, ಗಿಡಕ್ಕೂ ಇವಳ ಓದಿಗೂ ಏನು ಸಂಬಂಧ, ಕೋಣೆಗೆ ಸುಣ್ಣ ಬಳಿಸಿ ಆಗಿದೆ, ಜೂನ್‌ನಲ್ಲಿ ಕಳಿಸಿ ಎಂದರು. ಅಷ್ಟೇ. ಅಮ್ಮ ಮೂರು ತಿಂಗಳು ಹೊತ್ತ ಷರತ್ತು ಎಲ್ಲಿಯೂ ಇರಲೇ ಇಲ್ಲ. ಅವಳು ಆಡಿದ ಮಾತಿನ ಅಗತ್ಯವೂ ಇರಲಿಲ್ಲ. ಆದರೆ ಆಡಿ ಆಗಿತ್ತು.

ಹೊರಡುವಾಗ ಜಗಲಿಯಲ್ಲಿ ಟೀಚರ್ ನಿಂತುಬಿಟ್ಟರು. ಮಾಡಿನ ಅಂಚಿನ ಮೊಳೆಯಿಂದ ಹಸಿರು ಎಳೆಗಳು ನನ್ನ ಎದೆಯ ಮಟ್ಟದವರೆಗೆ ಇಳಿದಿದ್ದವು, ಒತ್ತೊತ್ತಾಗಿ, ಒಣಗಲು ಹಾಕಿದ ಬಲೆಯ ಹಾಗೆ. ಎಳೆಗಳ ತುದಿಯಲ್ಲೆಲ್ಲ ಮೀನಿನ ಮೊಟ್ಟೆಯಂಥ ಬಿಳಿ ಕಾಯಿಗಳು. ದಿನವೂ ಅದರ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ನಾನು ಅದನ್ನು ನೋಡಿರಲಿಲ್ಲ.

“ಮಣಿಪಾಲದಲ್ಲಿ ನಾನು ಎಷ್ಟು ವರ್ಷ ಇಟ್ಟೆ, ಒಂದು ಹೂ ಬಿಡಲಿಲ್ಲ ಇದು. ಇದಕ್ಕೆ ಎಂತ ಹಾಕಿದಿರಿ?”

ಮಾವ ಅಜ್ಜಿಯನ್ನು ಕೇಳಿ ಹೇಳಿದ. ಅದಕ್ಕೂ ಅದೇ, ಮೀನಿನ ನೀರು. ಒಮ್ಮೊಮ್ಮೆ ಗಂಜಿತಿಳಿ. ಟೀಚರ್ ತಲೆಯಾಡಿಸಿದರು. ಇದು ಮರುಭೂಮಿಯದ್ದಲ್ಲ, ದೊಡ್ಡ ಕಾಡಿನದ್ದು, ಮರದ ಕೊಂಬೆಯ ಮೇಲೆ ಬದುಕುವುದು, ನೆರಳು, ತೇವ, ಮೇಲಿನಿಂದ ಬಿದ್ದ ಎಲೆ, ಹಕ್ಕಿಯ ಹಿಕ್ಕೆ ಇದರ ಊಟ, ನನ್ನ ಒಣ ವರಾಂಡದಲ್ಲಿ ಇದು ಹಸಿದಿತ್ತು ಎಂದರು. ಹೆಸರೂ ಹೇಳಿದರು. ರಿಪ್ಸಾಲಿಸ್. ಇದನ್ನು ನಾನು ಕೊಂಡುಹೋಗುವುದಿಲ್ಲ, ಇಲ್ಲಿಯೇ ಇರಲಿ ಎಂದು ಕಾರು ಹತ್ತಿದರು. ಪಾಪಾಸುಕಳ್ಳಿಯ ಕುಂಡಗಳನ್ನು ಒಂದನ್ನೂ ಬಿಡದೆ ತೆಗೆದುಕೊಂಡು ಹೋದರು. ಮುಂದಿನ ಜೂನ್‌ನಲ್ಲಿ ನಾನು ಆ ಕೋಣೆಗೆ ಹೋದಾಗ ಅವು ಸ್ಟ್ಯಾಂಡಿನ ಮೇಲಿನ ಮೆಟ್ಟಿಲಿನಲ್ಲಿದ್ದವು, ಒಂದಕ್ಕೊಂದು ತಾಗದಂತೆ.

ಈಗ ನಾನಿರುವ ಮನೆಯೂ ಮಣಿಪಾಲದಲ್ಲೇ, ಒಣಗಿದ್ದು, ಬಾಗಿಲು ಹಾಕಿಕೊಳ್ಳಬಹುದಾದದ್ದು. ತಮ್ಮ ಮೇಜಿನ ಮೇಲೆ ಪುಟ್ಟ ಕಳ್ಳಿ ಇಟ್ಟುಕೊಂಡು, ಅಕ್ಕರೆಯಿಂದ ನೀರು ಹಾಕಿ ಕೊಳೆಸಿದ ನನ್ನ ವಿದ್ಯಾರ್ಥಿಗಳು ಬಂದು ಕೇಳುತ್ತಾರೆ, ಇದಕ್ಕೆ ಏನು ಬೇಕು ಎಂದು. ಯಾವ ಊರಿನದ್ದು ಎಂದು ನೋಡಿ ಹೇಳುತ್ತೇನೆ. ಉಳಿದದ್ದನ್ನು ಹೇಳುವುದಿಲ್ಲ.

ಟೀಚರ್ ಬಂದು ಹೋದ ಆ ರಾತ್ರಿ ಊಟಕ್ಕೆ ಹುಳಿಖಾರದ ಬೂತಾಯಿ ಪುಳಿಮುಂಚಿ ಇತ್ತು. ಅಮ್ಮ ನನಗೆ ಹೆಚ್ಚು ಬಡಿಸಿದಳು, ಮಣಿಪಾಲದ ಮಾತು ಎತ್ತಲಿಲ್ಲ. ಅಜ್ಜಿ ಸಂಜೆ ಅರ್ಧಕ್ಕೆ ಬಿಟ್ಟಿದ್ದ ಮೀನು ತೊಳೆದು ಮುಗಿಸಿ, ಬೋಗುಣಿ ಹಿಡಿದು ಬಸಳೆಯನ್ನೂ ಕರಿಬೇವನ್ನೂ ದಾಟಿ, ಬೇಲಿಯ ಆಚೆ ಮರಳಿಗೆ ನೀರು ಚೆಲ್ಲಿ ಬಂದಿದ್ದಳು. ಅವಳು ಹಾಗೆ ಚೆಲ್ಲಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಮ್ಮ ಏನು ಹೇಳಿದಳೆಂದು ಮಾವ ಅವಳಿಗೆ ಹೇಳಿರಲಿಕ್ಕಿಲ್ಲ. ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಯೂನಿಫಾರ್ಮ್ ಹಾಕಿಕೊಂಡು ಹೊರಗೆ ಬಂದಾಗ ಅಜ್ಜಿ ಜಗಲಿಯ ಕೆಳಗೆ, ಆ ಹಸಿರು ಎಳೆಗಳ ಎದುರು, ಮೀನು ತೊಳೆದ ನೀರು ತುಂಬಿದ ಬೋಗುಣಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಇದಕ್ಕೆ ಹಾಕಬಹುದಾ ಬಾಲೆ?” ಎಂದು ಕೇಳಿದಳು. ನನ್ನನ್ನು.

ನಾನು ಪುಸ್ತಕದ ಚೀಲ ಕೆಳಗಿಟ್ಟೆ. ಬೋಗುಣಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಜಗಲಿಯ ಕಟ್ಟೆ ಹತ್ತಿ, ಬುಟ್ಟಿಯ ಮೇಲಿನಿಂದ ಅಷ್ಟನ್ನೂ ಹೊಯ್ದೆ. ನೀರು ಎಳೆ ಎಳೆಯಾಗಿ ಇಳಿದು, ನನ್ನ ತೋಳಿನ ಮೇಲೆ, ಕಾಲರಿನ ಮೇಲೆ ಬಿತ್ತು. ಅಜ್ಜಿ ನನ್ನ ಕಾಲರಿನ ಮೇಲಿದ್ದ ಹುರುಪೆಯನ್ನು ತೆಗೆಯಲು ಕೈ ಎತ್ತಿದಳು. ಬಿಡು ಅಜ್ಜಿ, ಬಸ್ಸು ಬರ್ತದೆ ಎಂದೆ. ಬೋಗುಣಿಯನ್ನು ಅವಳಿಗೆ ಕೊಟ್ಟು, ಅದೇ ಅಂಗಿಯಲ್ಲಿ ಓಣಿ ದಾಟಿ, ಶಾಲೆಗೆಂದು ಕಾಪುವಿನ ಬಸ್ಸು ಹತ್ತಿದೆ.